ಹಳೆ ಕಾರು ದಾನ, ಮಾರ್ಚ್ ತೆರಿಗೆ: ಕಲಬುರಗಿ ಕಡೆಯ ‘ಮನೆಗೇ ಬಂದು ಒಯ್ಯುವ’ ಸೇವೆ ಹೇಗಿದೆ?

ಫೆಬ್ರವರಿ ಮುಗಿಯುವ ಹೊತ್ತಿಗೆ ಕಲಬುರಗಿ, ಬೀದರ್ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡುತ್ತದೆ: ನಿಂತ ಕಾರು ನಮ್ಮ ಸಂಸ್ಥೆಗೆ ಕೊಡಿ, ಮನೆಗೇ ಬಂದು ಒಯ್ಯುತ್ತೇವೆ, 80ಜಿ (ದಾನಕ್ಕೆ ಆದಾಯ ತೆರಿಗೆ ಕಡಿತ ಕೊಡುವ ಸೆಕ್ಷನ್) ರಸೀದಿಯನ್ನೂ ಕೊಡುತ್ತೇವೆ. ಕಾರು ಒಯ್ಯುವ ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು. ಬ್ಯಾಟರಿ ಸತ್ತು, ಟೈರ್ ಕೂತ ಗಾಡಿಯನ್ನೂ ಎಳೆದುಕೊಂಡು ಹೋಗುತ್ತಾರೆ. ಆರ್‌ಸಿ (ನೋಂದಣಿ ಪತ್ರ) ವರ್ಗಾವಣೆ ಮಾಡಿಸುವ ರೀತಿ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಥರ. ತೆರಿಗೆ ರಸೀದಿಗೆ ಮಾತ್ರ ಸೊನ್ನೆ.

ಕಾರಣ ನೇರವಾಗಿದೆ. ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 80ಜಿ (2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆಯ ಸೆಕ್ಷನ್ 133) ಕೇಳುವುದು ರೊಕ್ಕದ ದಾನವನ್ನು. ಕಾರಿರಲಿ, ಜೋಳದ ಚೀಲವಿರಲಿ, ಕಂಬಳಿ ಇರಲಿ, ವಸ್ತುವಾಗಿ ಕೊಟ್ಟದ್ದಕ್ಕೆ ಕಡಿತ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ಕಾಣುವ ಕಾರು ದಾನದ ಜಾಹೀರಾತು ಬಹುಪಾಲು ಅಮೆರಿಕದ್ದು. ಅಲ್ಲಿ ತೆರಿಗೆ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಸಂಸ್ಥೆ 1098-ಸಿ ಎಂಬ ಫಾರಂ ಕೊಡುತ್ತದೆ, ಕಾರು 500 ಡಾಲರ್ ಮೀರಿ ಮಾರಾಟವಾದರೆ ಸಾಮಾನ್ಯವಾಗಿ ಮಾರಿ ಬಂದಷ್ಟಕ್ಕೇ ಕಡಿತ. ಆ ನಿಯಮ ನಮ್ಮಲ್ಲಿ ಇಲ್ಲ.

ಕಾರಿನ ಬೆಲೆಯನ್ನೇ ‘ನಗದು ದಾನ’ ಎಂದು ರಸೀದಿಯಲ್ಲಿ ಬರೆದುಕೊಡಲು ಮುಂದಾದರೆ ಖಂಡಿತ ಒಪ್ಪಬೇಡಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಕಡಿತವೇ ಇಲ್ಲ. ಸುಳ್ಳು ರಸೀದಿ ತೋರಿಸಿ ಆದಾಯ ಮರೆಮಾಚಿದ್ದು ಸಾಬೀತಾದರೆ, ಉಳಿಸಿಕೊಂಡ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. ‘ನಮಗೆ 12ಎ ಇದೆ’ ಎಂಬ ಮಾತಿಗೂ ಸಮಾಧಾನ ಪಡಬೇಡಿ. ಅದು ಸಂಸ್ಥೆಯ ಸ್ವಂತ ಆದಾಯಕ್ಕೆ ಸಿಗುವ ವಿನಾಯಿತಿ. ದಾನಿಗೆ ಬೇಕಾದದ್ದು 80ಜಿ ಅನುಮೋದನೆ, ಅದರ ಅವಧಿ ಮುಗಿದಿಲ್ಲ ಎಂಬುದನ್ನೂ ನೋಡಬೇಕು.

ಕಡಿತ ಬೇಕೇ ಬೇಕು ಎನ್ನುವವರು ಕಾರು ಮಾರಿ ರೊಕ್ಕ ಕೊಡಬೇಕು. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಇದು ಫಲ ಕೊಡುತ್ತದೆ, ಹೊಸ ಪದ್ಧತಿಯಲ್ಲಿ 80ಜಿ ಇಲ್ಲ. ಲೆಕ್ಕ ಹೀಗೆ: 80ಸಿ ಮುಂತಾದ ಕಡಿತ ಕಳೆದ ಮೇಲೆ ಆದಾಯ 9.5 ಲಕ್ಷ, ಕಾರು ಮಾರಿದ್ದು 90,000ಕ್ಕೆ, ಅಷ್ಟನ್ನೂ ಸಂಸ್ಥೆಗೆ ಕೊಟ್ಟರು ಎನ್ನೋಣ. ಸಾಮಾನ್ಯ ಟ್ರಸ್ಟುಗಳಿಗೆ ಆದಾಯದ ಶೇ 10ರ ಮಿತಿ ಇದೆ, 90,000 ಅದರೊಳಗೆ ಬರುತ್ತದೆ. ಅದರಲ್ಲಿ ಅರ್ಧ, ಅಂದರೆ 45,000ಕ್ಕೆ ಕಡಿತ. ಶೇ 20ರ ಹಂತದಲ್ಲಿ ಸೆಸ್ ಸೇರಿ ಉಳಿಯುವುದು 9,360 ರೂಪಾಯಿ. ಸ್ವಂತ ಬಳಕೆಯ ಕಾರು ಮಾರಿದ್ದಕ್ಕೆ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ. ವ್ಯಾಪಾರದ ಲೆಕ್ಕದಲ್ಲಿ ಸವಕಳಿ ತೋರಿಸಿದ ಕಾರಾಗಿದ್ದರೆ ವಿಷಯ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿಯೇ ಮಾರಿ.

ಇಲ್ಲಿ ಎಡವುವ ಜಾಗ ಒಂದಿದೆ. ಕೊಂಡವನೇ ನೇರವಾಗಿ ಸಂಸ್ಥೆಗೆ ರೊಕ್ಕ ಕಳಿಸಿದರೆ ದಾನ ಅವನ ಪ್ಯಾನ್‌ಗೆ ಹೋಗುತ್ತದೆ. ರೊಕ್ಕ ಮೊದಲು ಮಾಲೀಕರ ಖಾತೆಗೆ ಬರಬೇಕು, ಅಲ್ಲಿಂದ ಚೆಕ್, ಯುಪಿಐ ಅಥವಾ ನೆಫ್ಟ್ ಮೂಲಕ ಮಾರ್ಚ್ 31ರೊಳಗೆ ಹೋಗಬೇಕು. ಸಂಸ್ಥೆ ಮೇ 31ರೊಳಗೆ ದಾನಗಳ ವಿವರ (1961ರ ಕಾಯ್ದೆಯಡಿ ಫಾರಂ 10ಬಿಡಿ) ಸಲ್ಲಿಸಿ ದಾನಿಗೆ ಪ್ರಮಾಣಪತ್ರ (ಫಾರಂ 10ಬಿಇ) ಕೊಡಬೇಕು. ಬರಿಯ ರಸೀದಿ ಪುಸ್ತಕದ ಚೀಟಿ ಸಾಲದು.

ತೆರಿಗೆ ಬಿಡಿ, ಕಾರೇ ಸಂಸ್ಥೆಗೆ ಉಪಯೋಗಕ್ಕೆ ಬರಲಿ ಎನ್ನುವ ಮನಸ್ಸಿದ್ದರೆ ಅದು ದೊಡ್ಡ ಮನಸ್ಸು. ಹಳ್ಳಿಯ ವಸತಿ ಶಾಲೆಗೋ ವೃದ್ಧಾಶ್ರಮಕ್ಕೋ ಆಸ್ಪತ್ರೆ ಓಡಾಟಕ್ಕೆ ಒಂದು ಕಾರು ಸಿಕ್ಕರೆ ಅದರ ಬೆಲೆ 9,360ರಲ್ಲಿ ಅಳೆಯುವಂಥದ್ದಲ್ಲ. ಆಗ ಕಾಗದ ಮಾತ್ರ ಕಲ್ಲಿನಷ್ಟು ಗಟ್ಟಿ ಇರಬೇಕು. ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು, ಅಪಘಾತವಾದರೆ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರು ಕೊಟ್ಟು ವರ್ಷ ಕಳೆದರೂ ಹೆಸರು ಬದಲಾಗದಿದ್ದರೆ ಕೋರ್ಟಿನ ನೋಟಿಸು ನಿಮ್ಮ ಮನೆಗೇ ಬರುತ್ತದೆ. ಕೀಲಿ ಕೊಡುವ ದಿನವೇ ಮಾಲೀಕತ್ವ ವರ್ಗಾವಣೆಯ ಫಾರಂ 29ರ ಎರಡು ಪ್ರತಿ ಮತ್ತು ಫಾರಂ 30ಕ್ಕೆ ಸಹಿ ಆಗಲಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಅದನ್ನು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಬೇಕು. ವಿಮೆ, ಹೊಗೆ ತಪಾಸಣೆ ಚಾಲ್ತಿಯಲ್ಲಿರಬೇಕು, ಬಾಕಿ ಚಲನ್ ಕಟ್ಟಿರಬೇಕು. ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಪಡೆದವರಿಗೆ 30 ದಿನ.

ಸಂಸ್ಥೆ ಕಡೆಯಿಂದ ಪ್ಯಾನ್, ಟ್ರಸ್ಟ್ ಡೀಡ್, ವಿಳಾಸದ ದಾಖಲೆ, ಸಹಿ ಮಾಡುವವರಿಗೆ ಅಧಿಕಾರ ಕೊಟ್ಟ ಠರಾವಿನ ಪ್ರತಿ ಕೇಳಿ. ಹೊಸ ಆರ್‌ಸಿ ಟ್ರಸ್ಟಿನ ಹೆಸರಿಗೇ ಆಗಬೇಕು. ‘ಸದ್ಯಕ್ಕೆ ಕಾರ್ಯದರ್ಶಿ ಹೆಸರಿಗೆ ಮಾಡೋಣ’ ಎಂದರೆ ಅದು ದಾನವಲ್ಲ, ಒಬ್ಬ ವ್ಯಕ್ತಿಗೆ ಪುಕ್ಕಟೆ ಕೊಟ್ಟಂತೆ.

ವರ್ಗಾವಣೆಗೆ ಆರ್‌ಟಿಒದಲ್ಲಿ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಕೇಳುವುದುಂಟು. ವರ್ಷಗಟ್ಟಲೆ ಅಂಗಳದಲ್ಲಿ ನಿಂತ ಗಾಡಿಯಲ್ಲಿ ಆ ಅಂಕಿಗಳ ಮೇಲೆ ಧೂಳು, ಎಣ್ಣೆ ಸೇರಿ ಕರಿ ಪದರ ಕೂತಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ತೆಳು ಕಾಗದ ಅಂಟಿಸಿ, ಪೆನ್ಸಿಲ್ ಮೊನೆಯನ್ನು ಅಡ್ಡಲಾಗಿ ಹಿಡಿದು ಹಗುರವಾಗಿ ಉಜ್ಜಿ. ತುಕ್ಕು ಹಿಡಿದಿದೆ ಎಂದು ಮರಳು ಕಾಗದ ಹಚ್ಚಬೇಡಿ. ಅಂಕಿ ಸವೆದರೆ ತಿದ್ದಿದ ಗಾಡಿ ಎಂಬ ಅನುಮಾನ ಬರುತ್ತದೆ.

ಬೀದರ್‌ನಲ್ಲಿ ಹೈದರಾಬಾದ್ ಪಾಸಿಂಗ್, ಕಲಬುರಗಿಯಲ್ಲಿ ಎಂಎಚ್ 13ರ ಸೊಲ್ಲಾಪುರ ಪಾಸಿಂಗ್ ಕಾರುಗಳು ಕಾಣಸಿಗುತ್ತವೆ. ಅವನ್ನು ಇಲ್ಲಿನ ಸಂಸ್ಥೆಗೆ ವರ್ಗಾಯಿಸಲು ಮೂಲ ಆರ್‌ಟಿಒದ ಫಾರಂ 28 ಎನ್‌ಒಸಿ ಬೇಕು, ಕರ್ನಾಟಕದ ರಸ್ತೆ ತೆರಿಗೆ ಬೇರೆ. ಆ ಖರ್ಚು ಯಾರದು ಎಂದು ಮೊದಲೇ ಬಾಯಿಬಿಟ್ಟು ಮಾತಾಡಿ.

ದಾನದ ಆಕಳ ಹಲ್ಲು ಎಣಿಸಬಾರದು ಎಂಬ ಗಾದೆ ಕಾರಿಗೆ ಸಲ್ಲದು, ಸಂಸ್ಥೆಯವರು ಎಣಿಸಲೇಬೇಕು. ನಮ್ಮ ಬಿಸಿಲಿಗೆ ನಿಂತ ಗಾಡಿಯ ಟೈರು ಪಕ್ಕದಲ್ಲಿ ಬಿರಿಯುತ್ತದೆ, ರೇಡಿಯೇಟರ್ ಪೈಪು ಗಡಸಾಗುತ್ತದೆ. ನಾಲ್ಕು ಟೈರು, ಬ್ಯಾಟರಿ, ವಿಮೆ ಸೇರಿದರೆ ಬಡ ಸಂಸ್ಥೆಗೆ ದಾನವೇ ಭಾರ. 15 ವರ್ಷ ದಾಟಿ ನೋಂದಣಿ ನವೀಕರಣವಾಗದ ಕಾರನ್ನು ದಾನಕ್ಕೆ ಇಡಲೇಬೇಡಿ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ (ಗಾಡಿಯನ್ನು ಸ್ಕ್ರ್ಯಾಪ್‌ಗೆ ಒಪ್ಪಿಸಿದ ದಾಖಲೆ) ಪಡೆಯಿರಿ, ಬಂದ ರೊಕ್ಕವನ್ನು ಸಂಸ್ಥೆಗೆ ಕಳಿಸಿ. ಓಣಿಯ ಗುಜರಿಗೆ ಹಾಕಿದರೆ ಗಾಡಿ ಚೂರಾಗುತ್ತದೆ, ಆರ್‌ಸಿ ಮಾತ್ರ ನಿಮ್ಮ ಹೆಸರಲ್ಲೇ ಉಳಿಯುತ್ತದೆ.

ಕಾರು ಹೊರಡುವ ಮೊದಲು ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲದಿದ್ದರೆ ಅವರ ಟೋಲ್ ನಿಮ್ಮ ಖಾತೆಯಿಂದ ಕಡಿತವಾಗುತ್ತದೆ. ವಿಮೆಯ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ಮಾಲೀಕರದ್ದು. ಕಂಪನಿಯಿಂದ ಅದರ ಪತ್ರ ಪಡೆದಿಟ್ಟರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿನ ವಿಮೆಗೆ ಹಾಕಿಕೊಳ್ಳಬಹುದು.