ವರ್ಷಕ್ಕೊಂದು ಫಾರಂ, ದಿನಕ್ಕೈದು ನಿಮಿಷ, ಹದಿನೈದು ದಿನಕ್ಕೊಂದು ಮಾತುಕತೆ: ಒಂದು ಹೋಲಿಕೆ

ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಘಟಕವೊಂದರ ಮೆಷಿನಿಂಗ್ ವಿಭಾಗದಲ್ಲಿ ನಾನು ಸೂಪರ್‌ವೈಸರ್. ನನ್ನ ಪಾಳಿಯಲ್ಲಿ ಹದಿನಾಲ್ಕು ಮಂದಿ ಇದ್ದಾರೆ. ಹೆಚ್ಚಿನವರು ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುವ, ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಹುಡುಗರು. ಅವರ ಕೆಲಸ ಹೇಗಿದೆ ಎಂಬುದನ್ನು ಅವರಿಗೆ ತಿಳಿಸಲು ಆರು ವರ್ಷಗಳಲ್ಲಿ ಮೂರು ಕ್ರಮಗಳನ್ನು ಬಳಸಿ ನೋಡಿದ್ದೇನೆ.

ಮೊದಲನೆಯದು ಎಲ್ಲರಿಗೂ ಪರಿಚಿತವಾದ ವಾರ್ಷಿಕ ಅಪ್ರೈಸಲ್. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಕೆಲಸಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಇನ್‌ಕ್ರಿಮೆಂಟ್ ನಿರ್ಧಾರವಾಗುವುದು ಆ ಅಂಕದಿಂದಲೇ. ಮಾರ್ಚ್ ಕೊನೆಯ ವಾರದಲ್ಲಿ ಹದಿನಾಲ್ಕು ಫಾರಂಗಳನ್ನು ಮುಂದಿಟ್ಟುಕೊಂಡು ಕುಳಿತಾಗ ಕಳೆದ ಜೂನ್‌ನಲ್ಲಿ ಯಾರು ಏನು ಮಾಡಿದ್ದರೆಂಬುದು ನೆನಪಿಗೆ ಬರುವುದಿಲ್ಲ, ಫೆಬ್ರವರಿಯದು ಮಾತ್ರ ಎದ್ದು ಕಾಣುತ್ತದೆ. ಹತ್ತು ತಿಂಗಳು ಒಂದೂ ದೂರಿಲ್ಲದೆ ದುಡಿದ ಆಪರೇಟರ್ ಒಬ್ಬನ ಒಂದು ಲಾಟ್ (ಒಟ್ಟಿಗೆ ತಯಾರಾದ ಭಾಗಗಳ ಗುಂಪು) ಫೆಬ್ರವರಿಯಲ್ಲಿ ರಿಜೆಕ್ಟ್ ಆಗಿತ್ತು. ನಾನು ಅವನಿಗೆ 3 ಕೊಟ್ಟೆ. ಆಗಸ್ಟ್‌ನಲ್ಲಿ ಮೂರು ಲಾಟ್ ಕೆಡಿಸಿದ್ದವನಿಗೆ 4 ಬಂತು. ಇದು ನನ್ನದೇ ತಪ್ಪು, ಫಾರಂನ ಮೇಲೆ ಹೊರಿಸುವಂತಿಲ್ಲ. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟಿದ್ದು ಫಾರಂ.

ಅಂಕವನ್ನು ಬರೆದು ಸುಮ್ಮನಿರುವುದು ಎಷ್ಟು ದುಬಾರಿ ಎಂಬುದಕ್ಕೆ ಸರ್ಕಾರಿ ನೌಕರಿಯಲ್ಲೇ ಪ್ರಸಿದ್ಧ ನಿದರ್ಶನವಿದೆ. ದೇವ್ ದತ್ ಎಂಬ ಎಂಜಿನಿಯರ್‌ಗೆ, ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುವ ಗೋಪ್ಯ ವರದಿಯಲ್ಲಿ ‘ಉತ್ತಮ’ ಎಂದು ಬರೆಯಲಾಗಿತ್ತು, ಬಡ್ತಿಗೆ ಬೇಕಿದ್ದುದು ‘ಅತ್ಯುತ್ತಮ’ದ ದರ್ಜೆ, ಮತ್ತು ಆ ನಮೂದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್, ಕೆಟ್ಟ ಷರಾ ಮಾತ್ರವಲ್ಲ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕು ಎಂದು ತೀರ್ಪು ನೀಡಿತು. ನಮ್ಮ ಘಟಕದಲ್ಲಿ ಅಂಕವನ್ನು ತಿಳಿಸುತ್ತೇವೆ, ಆದರೆ ತಿದ್ದಿಕೊಳ್ಳಲು ಸಮಯ ಉಳಿದಿರದ ಹೊತ್ತಿನಲ್ಲಿ.

ಎರಡನೆಯದು, ಪಾಳಿ ಆರಂಭವಾಗುವ ಮುನ್ನ ಬೋರ್ಡಿನ ಮುಂದೆ ನಿಂತು ಐದು ನಿಮಿಷ ಮಾತನಾಡುವ ಕ್ರಮ. ನಿನ್ನೆಯ ರಿಜೆಕ್ಷನ್ ಎಷ್ಟು, ಯಾವ ಯಂತ್ರದಲ್ಲಿ ಟೂಲ್ ಸವೆದು ಬೋರ್ (ಭಾಗದಲ್ಲಿ ಕೊರೆಯುವ ರಂಧ್ರ) ಅಳತೆ ತಪ್ಪಿತು, ಇಂದು ಎಲ್ಲಿ ಹೆಚ್ಚು ಬಾರಿ ಅಳೆಯಬೇಕು ಎಂಬುದನ್ನು ತಿಳಿಸಲು ಇದಕ್ಕಿಂತ ಚೆನ್ನಾದ ಉಪಾಯವನ್ನು ನಾನು ಕಂಡಿಲ್ಲ. ನಿನ್ನೆಯ ತಪ್ಪು ಇಂದೇ ನಿಲ್ಲುತ್ತದೆ. ಆದರೆ ಇದು ಯಂತ್ರದ ಮಾತಿಗೆ ಹೊಂದುತ್ತದೆ, ಮನುಷ್ಯನ ಮಾತಿಗೆ ಹೊಂದುವುದಿಲ್ಲ. ಒಮ್ಮೆ ಒಬ್ಬ ಟ್ರೈನಿಯ ಹೆಸರು ಹಿಡಿದು, ಅವನ ಗಮನ ಕೆಲಸದ ಮೇಲಿಲ್ಲ ಎಂದು ಹದಿಮೂರು ಜನರ ಎದುರು ಹೇಳಿದೆ. ಅಂದಿನಿಂದ ಅವನು ತಪ್ಪು ಮಾಡುವುದು ಕಡಿಮೆಯಾಗಲಿಲ್ಲ, ತಪ್ಪಾದ ಭಾಗವನ್ನು ಮುಚ್ಚಿಡುವುದು ಹೆಚ್ಚಾಯಿತು.

ಇದು ನನ್ನೊಬ್ಬನ ಅನುಭವವಲ್ಲವೆಂದು ಆಮೇಲೆ ಓದಿ ತಿಳಿದೆ. 1996ರಲ್ಲಿ ಕ್ಲೂಗರ್ ಮತ್ತು ಡೆನೀಸಿ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಫೀಡ್‌ಬ್ಯಾಕ್ ಸರಾಸರಿಯಲ್ಲಿ ಕೆಲಸವನ್ನು ಸುಧಾರಿಸಿದರೂ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಇನ್ನಷ್ಟು ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ಕೆಲಸಗಾರನ ವ್ಯಕ್ತಿತ್ವದತ್ತ ಹೊರಳಿದಷ್ಟೂ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಪದೇ ಪದೇ ಹೇಳಿದರೆ ಸಾಕು ಎಂದು ನಂಬಿರುವ ನನ್ನಂಥ ಸೂಪರ್‌ವೈಸರ್‌ಗಳು ಇದನ್ನು ಗಮನಿಸಬೇಕು.

ಮೂರನೆಯದು ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರೊಡನೆ ಹತ್ತು ನಿಮಿಷ ಕುಳಿತು ಮಾತನಾಡುವುದು. ಖರ್ಚಾಗುವ ಸಮಯ 140 ನಿಮಿಷ; ಮೇಲಿನವರಿಂದ ಇದಕ್ಕೆ ಒಪ್ಪಿಗೆ ಪಡೆಯಲು ಒಂದು ತಿಂಗಳು ಹಿಡಿಯಿತು, ರಾತ್ರಿ ಪಾಳಿಯಲ್ಲಿ ಇಂದಿಗೂ ಇದು ಸರಿಯಾಗಿ ನಡೆಯುವುದಿಲ್ಲ. ಮೊದಲ ಮೂರು ಸುತ್ತುಗಳಲ್ಲಿ ನನಗೆ ದೊರೆತ ಉತ್ತರ ಒಂದೇ: “ಎಲ್ಲ ಸರಿ ಇದೆ ಸಾರ್.” ಈ ಸೀಮೆಯ ಅನೇಕ ಮನೆಗಳಲ್ಲಿ ತೆಲುಗು ಮಾತು; ನಾನು ಕಚೇರಿಯ ಕನ್ನಡ ಬಿಟ್ಟು ಅವರವರ ಮನೆಮಾತಿನಲ್ಲಿ ಕೇಳತೊಡಗಿದ ಮೇಲೆ ಬಾಯಿ ಬಿಟ್ಟರು. ಹಣದ ವಿಷಯವನ್ನು ಈ ಹತ್ತು ನಿಮಿಷದಲ್ಲಿ ತರುವುದಿಲ್ಲ ಎಂದು ಮೊದಲೇ ತಿಳಿಸಿದ್ದೂ ನೆರವಾಯಿತು.

ನಾಲ್ಕನೆಯ ಸುತ್ತಿನಲ್ಲಿ, ನಾನು 3 ಕೊಟ್ಟಿದ್ದ ಆ ಆಪರೇಟರ್, ತನ್ನ ಯಂತ್ರದ ಫಿಕ್ಸ್ಚರಿನಲ್ಲಿ ಭಾಗವನ್ನು ಕೂರಿಸುವ ಪಿನ್ನಿನ ಅಡಿ ಲೋಹದ ಚೂರು ಸೇರಿಕೊಳ್ಳುತ್ತದೆ, ಏರ್‌ಗನ್ನಿನ ಗಾಳಿ ಅಲ್ಲಿಗೆ ತಲುಪುವುದಿಲ್ಲ, ಅದರಿಂದಲೇ ಬೋರ್ ಓರೆಯಾಗುತ್ತದೆ ಎಂದ. ಪರೀಕ್ಷಿಸಿದಾಗ ಅವನ ಮಾತು ನಿಜವಾಗಿತ್ತು. ಫೆಬ್ರವರಿಯ ಲಾಟ್ ಕೆಟ್ಟದ್ದೂ ಬಹುಶಃ ಅದರಿಂದಲೇ. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ನೀವು ಕೇಳಲಿಲ್ಲವಲ್ಲ ಸಾರ್” ಎಂದ. ನಿರಂತರ ಫೀಡ್‌ಬ್ಯಾಕ್ ಎಂದರೆ ಕೆಳಗಿನವನಿಗೆ ಮೇಲಿನವನು ಹೇಳುವುದು ಎಂದು ತಿಳಿದಿದ್ದ ನನಗೆ, ಈ ಕ್ರಮದಲ್ಲಿ ಅತ್ಯಂತ ಬೆಲೆಬಾಳಿದ್ದು ಕೆಳಗಿನಿಂದ ಮೇಲೆ ಬಂದ ಮಾತು. ವಾರ್ಷಿಕ ಫಾರಂನಲ್ಲಿ ಅದಕ್ಕೆ ಜಾಗವಿಲ್ಲ. ಬೋರ್ಡಿನ ಮುಂದೆ ಅದಕ್ಕೆ ಧೈರ್ಯ ಸಾಲದು.

ಆಯ್ಕೆ ಒಂದೇ ಎಂದರೆ ನಾನು ಮೂರನೆಯದನ್ನೇ ಹಿಡಿಯುತ್ತೇನೆ. ಎರಡನೆಯದನ್ನು ಯಂತ್ರ, ಅಳತೆ, ಸುರಕ್ಷತೆಗೆ ಸೀಮಿತಗೊಳಿಸಿ ಉಳಿಸಿಕೊಂಡಿದ್ದೇನೆ. ಅಲ್ಲಿ ಈಗ ಯಾರ ಹೆಸರನ್ನೂ ಎತ್ತುವುದಿಲ್ಲ. ಅಪ್ರೈಸಲ್ ಬಿಡುವ ಅಧಿಕಾರ ನನಗಿಲ್ಲ, ಸಂಬಳದ ಲೆಕ್ಕಕ್ಕೆ ಅದು ಬೇಕು ಕೂಡ. ಆದರೆ ಕಳೆದ ಮಾರ್ಚ್‌ನಲ್ಲಿ ಫಾರಂ ತುಂಬುವಾಗ ನನ್ನ ಮುಂದೆ ಆ ಮಾತುಕತೆಗಳನ್ನು ಬರೆದಿಟ್ಟ ನೋಟ್‌ಬುಕ್ ಇತ್ತು. ಒಬ್ಬ ಮಾತ್ರ ತನಗೆ ಬಂದ 3 ಅನ್ನು ಒಪ್ಪಲಿಲ್ಲ. ಇಬ್ಬರೂ ಕುಳಿತು ನೋಟ್‌ಬುಕ್ ತಿರುವಿದೆವು. ಜುಲೈನಲ್ಲಿ ಅವನು ಎರಡು ಹೊಸ ಯಂತ್ರಗಳನ್ನು ಕಲಿತದ್ದನ್ನು ನಾನು ಬರೆದೇ ಇರಲಿಲ್ಲ. 3 ಅನ್ನು ಹೊಡೆದು 4 ಮಾಡಿದೆ.