ಪೊರೆ ಕಿತ್ತು ‘ಸ್ವಚ್ಛ ಮಾಡಿಕೊಟ್ಟಿದ್ದೇವೆ’ ಎಂದರು: ಹಾವು ಸಾಕಿರುವವರು ದಯವಿಟ್ಟು ಓದಿ

ಬೆಂಗಳೂರಿನಲ್ಲಿ ಹಾವು ಸಾಕಿಕೊಂಡು, ಈ ಬೇಸಿಗೆಯಲ್ಲಿ ಮದುವೆಗೋ ಜಾತ್ರೆಗೋ ಊರಿಗೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ನಮ್ಮಲ್ಲಿ ಬಿಟ್ಟು ಹೋಗಿ, ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಸಾಕುಪ್ರಾಣಿ ವಸತಿಯವರ ಕೈಗೆ ಹಾವನ್ನು ಕೊಡುವ ಮೊದಲು ಹತ್ತು ಸಲ ಯೋಚಿಸಿ. ಪೊರೆ ಬಿಡುವ ಹಂತದಲ್ಲಿದ್ದರೆ ಕೊಡಲೇಬೇಡಿ. ನನ್ನ ಗುಂಡನ ಎಡಗಣ್ಣು ಉಳಿಯುತ್ತದೋ ಇಲ್ಲವೋ ಎಂದು ವೈದ್ಯರೇ ಹೇಳಲಾರದೆ ಇದ್ದಾರೆ. ಬಾಲದ ತುದಿ ಕಪ್ಪಾಗಿದೆ. ಇದನ್ನು ಮಾಡಿದವರು ಇವತ್ತಿಗೂ ‘ನಾವು ಸ್ವಚ್ಛ ಮಾಡಿಕೊಟ್ಟಿದ್ದೇವೆ ಮೇಡಂ’ ಎನ್ನುತ್ತಿದ್ದಾರೆ. ಸ್ವಚ್ಛ ಮಾಡಿಕೊಟ್ಟಿದ್ದಾರಂತೆ!

ಗುಂಡ ನನ್ನ ಬಾಲ್ ಪೈತಾನ್. ನಮ್ಮ ಕಾಡಿನ ಹೆಬ್ಬಾವಲ್ಲ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಜಾತಿ. ವಿಷವಿಲ್ಲ. ಹೆದರಿದರೆ ಕಚ್ಚುವುದಕ್ಕಿಂತ ಹೆಚ್ಚಾಗಿ ತನ್ನ ಸುರುಳಿಯೊಳಗೆ ತಲೆ ಹುದುಗಿಸಿ ಉಂಡೆಯಾಗುತ್ತದೆ. ಕಾಗದಪತ್ರ ಇದೆಯೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇಂಥ ವಿದೇಶಿ ಪ್ರಾಣಿಗಳ ನೋಂದಣಿಗೆ ಬಂದ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಿದ್ದೇನೆ. ನಾಗರ, ಕೇರೆ, ಮಣ್ಣುಮುಕ್ಕ ಮುಂತಾದ ನಮ್ಮ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಥವರಿಗಾಗಿ ನಾನು ಇದನ್ನು ಬರೆಯುತ್ತಿಲ್ಲ.

ತಂಗಿಯ ಮದುವೆ ಸಾಗರದಲ್ಲಿತ್ತು. ಹೊರಡುವ ವಾರವೇ ಗುಂಡನ ಮೈಬಣ್ಣ ಮಂಕಾಗತೊಡಗಿತು. ಹೊಟ್ಟೆಯ ಭಾಗ ನಸುಗೆಂಪಾಯಿತು. ಕಣ್ಣಿನ ಮೇಲೆ ಹಾಲಿನ ಬಿಳುಪು ಕವಿಯಲು ಶುರುವಾಯಿತು. ಸಾಕಿದವರಿಗೆಲ್ಲ ಗೊತ್ತು, ಹೊಸ ಚರ್ಮ ಒಳಗೆ ಸಿದ್ಧವಾಗಿ, ಹಳೆಯದಕ್ಕೂ ಹೊಸದಕ್ಕೂ ನಡುವೆ ದ್ರವ ತುಂಬಿಕೊಳ್ಳುವ ಕಾಲವಿದು. ಆಗ ಹಾವಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಚರ್ಮ ಸೂಕ್ಷ್ಮವಾಗಿರುತ್ತದೆ, ಮುಟ್ಟಿದರೆ ಬೆಚ್ಚಿಬೀಳುತ್ತದೆ. ಹಲವು ಹಾವುಗಳು ಆಹಾರವನ್ನೇ ಮುಟ್ಟುವುದಿಲ್ಲ. ಇಂಥ ಸ್ಥಿತಿಯಲ್ಲಿರುವ ಪ್ರಾಣಿಯನ್ನು ಕಾರಿನಲ್ಲಿ ಗಂಟೆಗಟ್ಟಲೆ ಕುಲುಕಿಸಿಕೊಂಡು ಸಾಗರಕ್ಕೆ ಒಯ್ಯುವುದಕ್ಕಿಂತ ಇಲ್ಲೇ ತಿಳಿದವರ ಬಳಿ ಬಿಡುವುದು ಮೇಲು ಎಂದು ಎಲ್ಲರೂ ಹೇಳಿದರು.

ಆ ಜಾಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದೂರಿನಲ್ಲಿ ಬರೆದಿದ್ದೇನೆ. ನಾಯಿ, ಬೆಕ್ಕಿನ ಜೊತೆಗೆ ‘ಸರೀಸೃಪಗಳಿಗೆ ಪ್ರತ್ಯೇಕ ಕೋಣೆ, ಅನುಭವಿ ಸಿಬ್ಬಂದಿ’ ಎಂದು ದೊಡ್ಡ ಫಲಕವಿದೆ. ಮಾಲೀಕರು ಫೋನಿನಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಮೇಡಂ, ಬೆಂಗಳೂರಿನ ಅರ್ಧ ಹಾವುಗಳು ನಮ್ಮಲ್ಲೇ ಪೊರೆ ಬಿಟ್ಟಿವೆ. ನೀವು ನಿಶ್ಚಿಂತೆಯಿಂದ ಮದುವೆ ಮುಗಿಸಿಕೊಂಡು ಬನ್ನಿ.’ ಅರ್ಧ ಹಣ ಮುಂಗಡ, ದಿನಕ್ಕೊಂದು ವಿಡಿಯೊ, ಉಳಿದದ್ದು ವಾಪಸ್ ಕರೆದೊಯ್ಯುವಾಗ. ಎಲ್ಲ ಕಡೆ ಇರುವ ವ್ಯವಹಾರವೇ.

ನಾನು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಟ್ಟೆ. ಯಾರೂ ಎತ್ತಿಕೊಳ್ಳಬಾರದು. ಆಹಾರ ಹಾಕಬಾರದು. ಪೆಟ್ಟಿಗೆಯ ತೇವಾಂಶ 60ರಿಂದ 80 ಶೇಕಡಾ ಒಳಗಿರಬೇಕು. ಬೆಚ್ಚಗಿನ ಬದಿಯಲ್ಲಿ 31–32 ಡಿಗ್ರಿ, ತಂಪಿನ ಬದಿಯಲ್ಲಿ 26ರ ಆಸುಪಾಸು ಉಷ್ಣಾಂಶ ಸಾಕು. ತೇವಕ್ಕಾಗಿ ಒದ್ದೆ ಪಾಚಿ ತುಂಬಿದ, ಹಾವು ಅಡಗಿಕೊಳ್ಳುವ ಡಬ್ಬಿಯನ್ನು ತೆಗೆಯಬಾರದು. ಮೂತಿ ಉಜ್ಜಿಕೊಳ್ಳಲು ಇಟ್ಟಿರುವ ಮರದ ತೊಗಟೆಯನ್ನೂ ತೆಗೆಯಬಾರದು. ಪೊರೆ ಎಲ್ಲಾದರೂ ಅಂಟಿಕೊಂಡರೆ ಎಳೆಯದೆ ನನಗೆ ಫೋನ್ ಮಾಡಬೇಕು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ಅವರು ಆ ಕಾಗದದ ಫೋಟೊ ತೆಗೆದುಕೊಂಡು, ‘ಇಷ್ಟು ಚೆನ್ನಾಗಿ ಬರೆದುಕೊಡುವವರೇ ಇಲ್ಲ ಮೇಡಂ’ ಎಂದು ಹೊಗಳಿದರು. ಪಾಚಿಯ ಡಬ್ಬಿ, ತೊಗಟೆ, ತೇವಾಂಶ ಮಾಪಕ ಎಲ್ಲವನ್ನೂ ನಾನೇ ಕೊಟ್ಟು ಬಂದೆ. ಮಾರ್ಚ್ ತಿಂಗಳು, ಬೆಂಗಳೂರಿನ ಗಾಳಿ ವರ್ಷದಲ್ಲೇ ಅತ್ಯಂತ ಒಣಗಿರುವ ಕಾಲ. ಅದಕ್ಕೇ ಅಷ್ಟೆಲ್ಲ ಕೊಟ್ಟದ್ದು.

ಸಾಗರ ತಲುಪಿದ ಸಂಜೆಯೇ ವಿಡಿಯೊ ಬಂತು. ನೀರಿನ ಬಟ್ಟಲಿನ ಪಕ್ಕದಲ್ಲಿ ಹಾವು, ಮೈ ಫಳಫಳ, ಕಣ್ಣು ತಿಳಿ. ‘ಕಣ್ಣು ತಿಳಿಯಾಗಿದೆ ಮೇಡಂ, ಇನ್ನು ಪೊರೆ ಬಿಡುವುದೊಂದೇ ಬಾಕಿ’ ಎಂಬ ಸಂದೇಶ. ನನಗೆ ಎಷ್ಟು ಸಂತೋಷವಾಯಿತೆಂದರೆ, ಮದುವೆಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ‘ಹಾವು ಸಾಕುವುದೆಂದರೇನು, ಥೂ’ ಎಂದು ವರ್ಷಗಳಿಂದ ಮೂಗು ಮುರಿಯುತ್ತಿದ್ದ ಸೋದರತ್ತೆಗೂ ತೋರಿಸಿದೆ. ಅವರೂ ಕನ್ನಡಕ ಹಾಕಿಕೊಂಡು ನೋಡಿ, ‘ಲಕ್ಷಣವಾಗಿದೆ ಕಣೇ’ ಎಂದರು. ಭಾವನ ಮಕ್ಕಳು ತಮ್ಮ ಫೋನಿಗೆ ಕಳುಹಿಸಿಕೊಂಡರು. ಅಡುಗೆಯವರಿಗೂ ತೋರಿಸಿದೆ.

ಮರುದಿನದ ವಿಡಿಯೊ ತಡವಾಗಿ ಬಂತು, ಅದೂ ನಾನು ಕೇಳಿದ ಮೇಲೆ. ಕತ್ತಲೆ ಕತ್ತಲೆ, ಕೆಲವೇ ಸೆಕೆಂಡು. ಹಾವು ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿತ್ತು. ಒಂದು ಕ್ಷಣ ತಲೆ ಎತ್ತಿತು. ಕಣ್ಣು ಹಾಲಿನಂತೆ ಬೆಳ್ಳಗಿತ್ತು.

ನನಗೆ ಅರ್ಥವಾಗಲಿಲ್ಲ. ಕಣ್ಣು ಮಂಜಾಗುತ್ತದೆ, ಕೆಲವು ದಿನಗಳ ಮೇಲೆ ತಿಳಿಯಾಗುತ್ತದೆ, ತಿಳಿಯಾದ ಕೆಲವು ದಿನಗಳಿಗೆ ಪೊರೆ ಕಳಚುತ್ತದೆ. ಕ್ರಮ ಇದೇ. ನೆನ್ನೆ ತಿಳಿಯಾಗಿದ್ದ ಕಣ್ಣು ಇವತ್ತು ಮತ್ತೆ ಹಾಲಾಗುವುದಿಲ್ಲ. ಹಾಗಾದರೆ ನೆನ್ನೆಯದು?

ನೆನ್ನೆಯ ವಿಡಿಯೊವನ್ನು ಮತ್ತೆ ತೆರೆದು, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬಾಲ್ ಪೈತಾನ್‌ಗಳಲ್ಲಿ ಒಂದರ ಮೈಮೇಲಿನ ಮಚ್ಚೆಗಳು ಇನ್ನೊಂದರಂತೆ ಇರುವುದಿಲ್ಲ. ಗುಂಡನ ಕತ್ತಿನ ಹಿಂದೆ ಬಲಗಡೆ ಒಂದು ಚಿನ್ನದ ಬಣ್ಣದ ಮಚ್ಚೆಯಲ್ಲಿ ಎರಡು ಕಪ್ಪು ಚುಕ್ಕೆಗಳಿವೆ. ವಿಡಿಯೊದಲ್ಲಿದ್ದ ಹಾವಿಗೆ ಅಲ್ಲಿ ಬರೀ ಕಪ್ಪು ಪಟ್ಟೆ. ಅದು ಗುಂಡನೇ ಅಲ್ಲ! ಯಾರದೋ ಹಾವು. ಯಾರದೋ ಹಾವಿನ ವಿಡಿಯೊ ಕಳುಹಿಸಿ, ‘ಕಣ್ಣು ತಿಳಿಯಾಗಿದೆ ಮೇಡಂ’ ಎಂದಿದ್ದರು. ಯಾರದೋ ಹಾವನ್ನು ನಾನು ಇಡೀ ಮದುವೆಮನೆಗೆ ನನ್ನ ಗುಂಡ ಎಂದು ತೋರಿಸಿದ್ದೆ. ಮುಖ ಉರಿಯಿತು. ಸೋದರತ್ತೆಯ ಎದುರು ಹಾದುಹೋಗಲೂ ಆಗಲಿಲ್ಲ.

ಫೋನ್ ಮಾಡಿದೆ. ಮೊದಲು, ‘ಬೆಳಕಿನ ವ್ಯತ್ಯಾಸ ಮೇಡಂ’ ಎಂದರು. ಮಚ್ಚೆಯ ವಿಷಯ ಹೇಳಿದೆ. ‘ಹುಡುಗ ಯಾವುದನ್ನೋ ಕಳುಹಿಸಿರಬೇಕು’ ಎಂದರು. ಸಂದೇಶ ಬರೆದದ್ದೂ ಹುಡುಗನೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನೋಡಿ ಮೇಡಂ, ಎಲ್ಲ ಹಾವೂ ಒಂದೇ ತರಹ ತಾನೆ ಇರುವುದು? ನೀವು ಸುಮ್ಮನೆ ಮನಸ್ಸು ಕೆಡಿಸಿಕೊಳ್ಳುತ್ತೀರಿ.’ ಸರೀಸೃಪಗಳಿಗೆ ಪ್ರತ್ಯೇಕ ಕೋಣೆ ಇಟ್ಟವರ ಬಾಯಲ್ಲಿ ಬಂದ ಮಾತಿದು. ಎಲ್ಲ ಹಾವೂ ಒಂದೇ ತರಹವಂತೆ.

ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಹುಡುಗಿಯನ್ನು ಗಂಡಿನ ಮನೆಗೆ ಕಳುಹಿಸಿಕೊಡುವವರೆಗೆ ನಾನು ಸಾಗರ ಬಿಡುವಂತಿರಲಿಲ್ಲ. ಅದು ಮುಗಿದದ್ದೇ ತಡ, ಬೀಗರ ಔತಣಕ್ಕೂ ನಿಲ್ಲದೆ ಹೊರಟೆ. ಅಮ್ಮ ಇನ್ನೂ ಸರಿಯಾಗಿ ಮಾತನಾಡುತ್ತಿಲ್ಲ.

ಆ ಕೋಣೆಯಲ್ಲಿ ಕಂಡದ್ದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಪಾಚಿಯ ಡಬ್ಬಿ ಮೂಲೆಯಲ್ಲಿ ಒಣಗಿ ಬಿದ್ದಿತ್ತು. ತೇವಾಂಶ ಮಾಪಕವನ್ನು ಚೀಲದಿಂದ ತೆಗೆದೇ ಇರಲಿಲ್ಲ. ಗುಂಡ ಬರಿಯ ಪತ್ರಿಕೆ ಹಾಸಿದ ಪೆಟ್ಟಿಗೆಯಲ್ಲಿ, ನೆತ್ತಿಯ ಮೇಲೇ ಉರಿಯುವ ಬಲ್ಬಿನ ಕೆಳಗೆ ಬಿದ್ದಿತ್ತು. ನೀರಿನ ಬಟ್ಟಲು ಖಾಲಿ. ಮೈಮೇಲೆ ಪೊರೆ ತುಂಡು ತುಂಡಾಗಿ ಅಂಟಿಕೊಂಡಿತ್ತು, ನಡುನಡುವೆ ಹಸಿ ಚರ್ಮ ಕೆಂಪಾಗಿತ್ತು. ಕೊಬ್ಬರಿ ಎಣ್ಣೆಯ ವಾಸನೆ. ಬಾಲದ ತುದಿಯಲ್ಲಿ ಹಳೆಯ ಪೊರೆ ಬಳೆಯ ಹಾಗೆ ಬಿಗಿದುಕೊಂಡಿತ್ತು. ಎಡಗಣ್ಣಿನಲ್ಲಿ ರಕ್ತ.

ಆರೋಗ್ಯವಂತ ಹಾವು, ತೇವ ಸರಿಯಾಗಿದ್ದರೆ, ಮೂತಿಯಿಂದ ಶುರುಮಾಡಿ ಬಾಲದ ತುದಿಯವರೆಗೆ ಒಂದೇ ತುಂಡಾಗಿ ಪೊರೆ ಕಳಚುತ್ತದೆ. ಗುಂಡ ನನ್ನ ಮನೆಯಲ್ಲಿ ಯಾವತ್ತೂ ಹಾಗೆಯೇ ಕಳಚಿದ್ದು.

ಅಲ್ಲಿದ್ದ ಹುಡುಗ ಪಾಪದವನು, ಮುಚ್ಚಿಡಲು ಅವನಿಗೆ ಬರಲಿಲ್ಲ. ‘ಭಾನುವಾರ ಮಕ್ಕಳ ಶಿಬಿರ ಇತ್ತಕ್ಕ. ಮಕ್ಕಳು ಹಾವು ಮುಟ್ಟುವ ಕಾರ್ಯಕ್ರಮ. ಇದು ಮಂಕಾಗಿದೆ, ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ಅಣ್ಣ ಎಣ್ಣೆ ಹಚ್ಚಿ ಪೊರೆ ಸುಲಿದರು. ಕಣ್ಣಿನ ಮೇಲಿನದ್ದು ಬರಲಿಲ್ಲ, ಅದಕ್ಕೆ ಚಿಮಟ ಹಾಕಿದರು’ ಎಂದ. ಅಂದರೆ ನಾನು ದುಡ್ಡು ಕೊಟ್ಟು ಬಿಟ್ಟುಹೋದ ಹಾವನ್ನು, ಮುಟ್ಟಲೇಬಾರದ ದಿನಗಳಲ್ಲಿ, ಕಂಡವರ ಮಕ್ಕಳ ಕೈಗೆ ಕೊಟ್ಟು ಇನ್ನೊಂದು ಕಡೆಯಿಂದಲೂ ದುಡ್ಡು ಮಾಡಿದ್ದಾರೆ. ಮಾಲೀಕರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಆ ಫೋಟೊಗಳಿದ್ದವು. ಒಬ್ಬ ಹುಡುಗನ ಹೆಗಲ ಮೇಲಿದ್ದದ್ದು ಗುಂಡನೇ. ಅದೇ ಮಚ್ಚೆ, ಅದೇ ಎರಡು ಚುಕ್ಕೆ. ನಾನು ಅಲ್ಲೇ ನಿಂತು ನನ್ನ ಫೋನಿನಲ್ಲಿ ಉಳಿಸಿಕೊಂಡೆ. ಸ್ವಲ್ಪ ಹೊತ್ತಿಗೆಲ್ಲ ಅವು ಮಾಯವಾದವು.

ಮಾಲೀಕರು ಬಂದರು. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ.

‘ನಾವು ಸ್ವಚ್ಛ ಮಾಡಿಕೊಟ್ಟಿದ್ದೇವೆ ಮೇಡಂ. ಶುದ್ಧ ಕೊಬ್ಬರಿ ಎಣ್ಣೆ. ಅದಕ್ಕೆ ಬೇರೆ ದುಡ್ಡು ಹಾಕಿಲ್ಲ.’

ಎಳೆಯಬಾರದು ಎಂದು ಬರೆದುಕೊಟ್ಟಿದ್ದೆನಲ್ಲ ಎಂದೆ. ‘ಕಾಗದದಲ್ಲಿ ಬರೆಯುವುದು ಬೇರೆ ಮೇಡಂ, ಅನುಭವ ಬೇರೆ.’

ಕಣ್ಣಿನ ರಕ್ತ ತೋರಿಸಿದೆ. ‘ಹಾವಿಗೆ ಅಷ್ಟೆಲ್ಲ ನೋವು ಗೊತ್ತಾಗುವುದಿಲ್ಲ.’

ಕೊನೆಗೆ, ನನ್ನ ದನಿ ಏರಿದಾಗ: ‘ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಮನೆತನ ನಮ್ಮದು. ಹಾವಿಗೆ ಕೆಟ್ಟದ್ದು ಮಾಡುತ್ತೇವೆಯೇ?’

ಈ ಮಾತಿಗೆ ಬಂದಷ್ಟು ಸಿಟ್ಟು ನನಗೆ ಬೇರೆ ಯಾವುದಕ್ಕೂ ಬರಲಿಲ್ಲ. ನಮ್ಮ ಮನೆಯಲ್ಲೂ ನಾಗರಪಂಚಮಿ ಮಾಡುತ್ತೇವೆ, ನಾಗರಕಲ್ಲಿಗೆ ತನಿ ಎರೆಯುತ್ತೇವೆ. ಆ ಭಕ್ತಿಯನ್ನು ಅಡ್ಡ ಹಿಡಿದು ಚಿಮಟ ಹಾಕಿದ ಕೈಯನ್ನು ಮುಚ್ಚಿಕೊಳ್ಳುವುದೇ? ಹೊರಡುವಾಗ ಉಳಿದ ಅರ್ಧ ಹಣವನ್ನೂ ಕೇಳಿದರು. ಕೊಡಲಿಲ್ಲ. ‘ಮುಂದಿನ ಸಲ ರಿಯಾಯಿತಿ ಮಾಡಿಕೊಡುತ್ತೇವೆ’ ಎಂದರು. ಮುಂದಿನ ಸಲವಂತೆ!

ವೈದ್ಯರು ಹೇಳಿದ್ದನ್ನು ಹಾವು ಸಾಕುವ ಪ್ರತಿಯೊಬ್ಬರೂ ತಿಳಿದಿರಬೇಕು. ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆಗಳಿಲ್ಲ. ಕಣ್ಣನ್ನು ಕಾಯುವುದು ಒಂದು ಪಾರದರ್ಶಕ ಹುರುಪೆ. ಪೊರೆ ಕಳಚುವಾಗ ಆ ಹುರುಪೆಯ ಹಳೆಯ ಪದರವೂ ಜೊತೆಗೇ ಬರುತ್ತದೆ. ಒಣಹವೆಯಲ್ಲಿ ಅದು ಕಣ್ಣಿಗೆ ಅಂಟಿಕೊಂಡು ಉಳಿಯಬಹುದು. ಉಳಿದರೆ ಅವಸರವಿಲ್ಲ. ತೇವ ಹೆಚ್ಚಿಸಿ ಮುಂದಿನ ಪೊರೆಯವರೆಗೆ ಕಾಯಬಹುದು, ಇಲ್ಲವೇ ವೈದ್ಯರು ನೆನೆಸಿ ನಿಧಾನವಾಗಿ ಬಿಡಿಸುತ್ತಾರೆ. ಚಿಮಟ ಹಾಕಿದರೆ ಹಳೆಯದರ ಜೊತೆಗೆ ಕೆಳಗಿನ ಜೀವಂತ ಹುರುಪೆಯೂ ಹರಿದುಬರುತ್ತದೆ. ಗುಂಡನಿಗೆ ಆದದ್ದು ಇದೇ. ಹುರುಪೆ ಹರಿದ ಕಣ್ಣು ಗಾಳಿಗೆ ಒಣಗುತ್ತದೆ, ಸೋಂಕು ತಗಲುತ್ತದೆ, ಕಣ್ಣೇ ಹೋಗಬಹುದು.

ಬಾಲದ್ದೂ ಅಷ್ಟೇ. ಬಿಗಿದುಕೊಂಡ ಪೊರೆಯ ಬಳೆ ರಕ್ತ ಹರಿಯುವುದನ್ನು ತಡೆಯುತ್ತದೆ, ಆಚೆಗಿನ ತುದಿ ಸಾಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಮೇಲೆ ವೈದ್ಯರ ಕೈಯಲ್ಲಿ ಅದು ಸಲೀಸಾಗಿ ಜಾರಿಬಂತು. ನೀರು, ಬರೀ ನೀರು! ಆಳವಿಲ್ಲದ ಬಟ್ಟಲಿನಲ್ಲಿ ಅರ್ಧ ಗಂಟೆ ನೆನೆಸಿ, ಒದ್ದೆ ಟವೆಲಿನ ಮಡಿಕೆಗಳ ನಡುವೆ ಹರಿದಾಡಲು ಬಿಟ್ಟಿದ್ದರೆ ಸಾಕಿತ್ತು, ತಾನೇ ಉಜ್ಜಿಕೊಂಡು ಕಳಚುತ್ತಿತ್ತು. ಒಣಗಿದ ಪೊರೆಯನ್ನು ಎಣ್ಣೆ ನೆನೆಸುವುದಿಲ್ಲ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲವಂತೆ. ನಾನು ಬರೆದುಕೊಟ್ಟಿದ್ದ ಕಾಗದದ ಫೋಟೊ ಮಾತ್ರ ಅವರ ಫೋನಿನಲ್ಲೇ ಇದೆ.

ಈಗ ದಿನವೂ ಚುಚ್ಚುಮದ್ದು, ಕಣ್ಣಿಗೆ ಔಷಧ. ಬಾಲದ ತುದಿ ಕತ್ತರಿಸಬೇಕಾಗಬಹುದು. ಮುಟ್ಟಲು ಹೋದರೆ ಬುಸುಗುಟ್ಟುತ್ತದೆ. ನನ್ನ ಕೈ ಕಂಡರೆ ಎಂದೂ ಬುಸುಗುಟ್ಟದ ಪ್ರಾಣಿ.

ಊರಿಗೆ ಹೋಗಲೇಬೇಕಾದರೆ, ಹಾವು ಸಾಕಿ ಅನುಭವವಿರುವ ಗೆಳೆಯರನ್ನು ನಿಮ್ಮ ಮನೆಗೇ ಕರೆಸಿ, ಪೆಟ್ಟಿಗೆಯನ್ನು ಕದಲಿಸಬೇಡಿ. ವಸತಿಗೇ ಬಿಡಬೇಕಾದರೆ, ಮುಂಗಡ ಕೊಡುವ ಮುನ್ನ ಅವರಲ್ಲಿ ಇತ್ತೀಚೆಗೆ ಕಳಚಿದ ಪೊರೆ ತೋರಿಸಲು ಹೇಳಿ. ಇಡಿಯಾಗಿದೆಯೇ, ಕಣ್ಣಿನ ಎರಡು ಪದರಗಳೂ ಬಾಲದ ತುದಿಯೂ ಅದರಲ್ಲಿವೆಯೇ ನೋಡಿ. ಬೇಸಿಗೆ ಶಿಬಿರದ ಫಲಕ ಕಂಡರೆ ಅಲ್ಲಿಂದಲೇ ತಿರುಗಿ ಬನ್ನಿ. ಹಾವಿನ ಕತ್ತು, ಬೆನ್ನಿನ ಮಚ್ಚೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಅವರು ಕಳುಹಿಸುವ ವಿಡಿಯೊಗಳನ್ನು ನಂಬಬೇಡಿ, ನೇರ ವಿಡಿಯೊ ಕರೆ ಮಾಡಿಸಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ್ದೇನೆ. ವೈದ್ಯರ ವರದಿ, ಆ ಫೋಟೊಗಳು, ಎರಡು ವಿಡಿಯೊಗಳನ್ನು ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತಿದ್ದೇನೆ. ನನಗೆ ಬಂದ ಮೊದಲ ವಿಡಿಯೊದಲ್ಲಿದ್ದ ಆ ಇನ್ನೊಂದು ಹಾವಿನ ಒಡೆಯರು ಯಾರೋ ನನಗೆ ಗೊತ್ತಿಲ್ಲ. ಹೆಣ್ಣೋ ಗಂಡೋ ತಿಳಿಯದು. ಕತ್ತಿನ ಬಲಗಡೆ ಚುಕ್ಕೆಗಳಿಲ್ಲದ ಅಗಲವಾದ ಕಪ್ಪು ಪಟ್ಟೆ, ಹಣೆಯ ಮೇಲೆ ತೆಳುವಾದ ಕಂದು ಗೆರೆ. ಅದು ನಿಮ್ಮದಾಗಿದ್ದರೆ, ಇನ್ನೂ ಅಲ್ಲೇ ಇದ್ದರೆ, ಇವತ್ತೇ ಹೋಗಿ ಕರೆದುಕೊಂಡು ಬನ್ನಿ.