ಡಿಡಿಸಿಯುಟಿಲ್: ಬೆಳಕು ಹೊಂದಿಸಲು ತಂದದ್ದು, ಕಪ್ಪು ಸ್ಕ್ರೀನ್‌ಗೆ ಕೆಲಸಕ್ಕೆ ಬಂದದ್ದು

ಮಾನಿಟರ್ ಗುಂಡಿ ಮುಟ್ಟದೆ ಬ್ರೈಟ್‌ನೆಸ್ ಬದಲಿಸಲು ಲಿನಕ್ಸ್‌ನಲ್ಲಿ ಜನ ಹಾಕಿಕೊಳ್ಳುವ ಟೂಲ್ ಇದು. ವರ್ಷಗಟ್ಟಲೆ ಬಳಸಿದ ಮೇಲೆ ಗೊತ್ತಾಗುವುದೇ ಬೇರೆ: ಸ್ಕ್ರೀನ್ ಕಪ್ಪಾದಾಗ ತಪ್ಪು ಕೇಬಲ್‌ನದೋ, ಮಾನಿಟರ್‌ನದೋ, ಡೆಸ್ಕ್‌ಟಾಪ್‌ನದೋ ಎಂದು ಬೇಗ ಹೇಳುವುದು ಇದೇ.

ಹಳೆಯ ಆವೃತ್ತಿಯಾದರೆ ‘ಐ2ಸಿ-ಡೆವ್’ (ಮಾನಿಟರ್ ಜೊತೆ ಮಾತಾಡುವ ಐ2ಸಿ ತಂತಿಗಳಿಗೆ ದಾರಿ ಕೊಡುವ) ಮಾಡ್ಯೂಲ್ ಲೋಡ್ ಮಾಡಿ, ಯೂಸರ್ ಅನ್ನು ‘ಐ2ಸಿ’ ಗ್ರೂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬರಬೇಕು. ಪರ್ಮಿಷನ್ ಎರರ್ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಕಪ್ಪು ಸ್ಕ್ರೀನ್ ಎದುರು ಟೈಪ್ ಮಾಡಲಾಗದು. ಇನ್ನೊಂದು ಯಂತ್ರದಿಂದ ಎಸ್ಎಸ್ಎಚ್ ಮೂಲಕ ಒಳಹೊಕ್ಕು ‘ಡಿಡಿಸಿಯುಟಿಲ್ ಡಿಟೆಕ್ಟ್’ ಕೊಡಿ. ಮಾಡೆಲ್ ಹೆಸರಿನ ಜೊತೆ ವಿಸಿಪಿ (ಮಾನಿಟರ್ ಸೆಟ್ಟಿಂಗ್ಗಳ ಸಂಕೇತಪಟ್ಟಿ) ಆವೃತ್ತಿಯೂ ಬಂದರೆ ಮಾನಿಟರ್ ಮಾತಾಡುತ್ತಿದೆ ಎಂದರ್ಥ. ಆಗ ‘ಗೆಟ್‌ವಿಸಿಪಿ ಡಿ6’ ಕೊಟ್ಟು ಪವರ್ ಸ್ಥಿತಿ ಓದಿ: 1 ಎಂದರೆ ಆನ್, 4 ಎಂದರೆ ಆಫ್. ಮಾನಿಟರನ್ನು ಕಂಪ್ಯೂಟರೇ ಮಲಗಿಸಿ ಎಬ್ಬಿಸುವ ವ್ಯವಸ್ಥೆ ಡಿಪಿಎಂಎಸ್; ಎಬ್ಬಿಸುವ ಆಜ್ಞೆ ನಿಮ್ಮ ಡೆಸ್ಕ್ಟಾಪ್ ಯಾವುದರ ಮೇಲೆ ಓಡುತ್ತದೆ ಎಂಬುದರ ಮೇಲಿದೆ. 4 ಬಂದರೆ ಎಕ್ಸ್11ನಲ್ಲಿ ‘ಎಕ್ಸ್‌ಸೆಟ್ ಡಿಪಿಎಂಎಸ್ ಫೋರ್ಸ್ ಆನ್’, ಕೆಡಿಇ ವೇಲ್ಯಾಂಡ್‌ನಲ್ಲಿ ‘ಕೆಸ್ಕ್ರೀನ್-ಡಾಕ್ಟರ್ --ಡಿಪಿಎಂಎಸ್ ಆನ್’.

ಹೆಸರು ಮಾತ್ರ ಬಂದು ‘ಡಿಡಿಸಿ ಕಮ್ಯುನಿಕೇಷನ್ ಫೇಲ್ಡ್’ ಎಂದರೆ ಅವಸರಪಡಬೇಡಿ. ಹೆಸರಿರುವ ಎಡಿಡ್ (ಮಾನಿಟರ್ ತನ್ನ ಪರಿಚಯ ಹೇಳುವ ಮಾಹಿತಿ) ಒಂದು ಸಣ್ಣ ಮೆಮೊರಿಯಲ್ಲಿರುತ್ತದೆ. ಎಚ್‌ಡಿಎಂಐನ 18ನೇ ಪಿನ್‌ನಲ್ಲಿ ಕಂಪ್ಯೂಟರ್ ಕೊಡುವ 5 ವೋಲ್ಟ್‌ನಿಂದಲೇ ಅದು ಎಚ್ಚರವಾಗಬಲ್ಲದು. ಅಂದರೆ ಗೋಡೆಯ ಪ್ಲಗ್ ಕಿತ್ತಿದ್ದರೂ ಹೆಸರು ಕಾಣಿಸಬಹುದು! ಕರೆಂಟ್ ಇದೆಯೇ ನೋಡಿ, ಆಮೇಲೆ ಮಾನಿಟರ್ ಮೆನುವಿನಲ್ಲಿ ಡಿಡಿಸಿ/ಸಿಐ (ಕೇಬಲ್ ಮೂಲಕ ಆಜ್ಞೆ ಕೇಳುವ ಸೌಲಭ್ಯ) ಆನ್ ಇದೆಯೇ ನೋಡಿ. ‘ಡಿಟೆಕ್ಟ್’ಗೆ ಹೆಸರೂ ಸೇರಿ ಏನೂ ಸಿಗದಿದ್ದರೆ ಕೇಬಲ್, ಪೋರ್ಟ್ ನೋಡಿ. ಡಿಸ್‌ಪ್ಲೇಲಿಂಕ್ ಯುಎಸ್‌ಬಿ ಡಾಕ್ (ಯುಎಸ್‌ಬಿ ಮೂಲಕ ಮಾನಿಟರ್ ಜೋಡಿಸುವ ಪೆಟ್ಟಿಗೆ) ಆದರೆ ಈ ಟೂಲ್ ಹೇಳುವುದನ್ನು ನಂಬಬೇಡಿ.

ಈ ಟೂಲ್‌ಗೆ ನಾನು ಅಂಕ ಕಡಿಮೆ ಕೊಡುವುದು ಪವರ್ ವಿಷಯದಲ್ಲಿ. ‘ಸೆಟ್‌ವಿಸಿಪಿ ಡಿ6 4’ ಕೊಟ್ಟರೆ ಮಾನಿಟರ್ ಮಲಗುತ್ತದೆ, ಆದರೆ ಕೆಲವು ಮಾಡೆಲ್‌ಗಳಲ್ಲಿ ಆಜ್ಞೆ ಕೇಳಬೇಕಾದ ಚಿಪ್ಪೂ ಜೊತೆಗೇ ಮಲಗಿಬಿಡುತ್ತದೆ. ಎಬ್ಬಿಸಲು ಗುಂಡಿಯೇ ಗತಿ. ದಿನನಿತ್ಯ ಆಫ್ ಮಾಡಲು ಡಿಪಿಎಂಎಸ್ ವಾಸಿ. ವೇಗವೂ ಅಷ್ಟಕ್ಕಷ್ಟೇ: ಪ್ರತಿ ಉತ್ತರಕ್ಕೂ 40–50 ಮಿಲಿಸೆಕೆಂಡ್ ಕಾಯಬೇಕು, ಮೇಲೆ ಪ್ರತಿ ಸಲ ಮಾನಿಟರ್ ಹುಡುಕಾಟ. ಸ್ಕ್ರಿಪ್ಟ್‌ನಲ್ಲಿ ‘--ಬಸ್ 5’ ಎಂದು ‘ಡಿಟೆಕ್ಟ್’ ತೋರಿಸುವ ನಿಮ್ಮ ಐ2ಸಿ ಬಸ್ ಸಂಖ್ಯೆ ಕೊಟ್ಟರೆ ಹುಡುಕಾಟ ತಪ್ಪುತ್ತದೆ.

ಡಿಸ್‌ಪ್ಲೇಪೋರ್ಟ್‌ನವರಿಗೆ ಇನ್ನೆರಡು ಮಾತು. ಮಾನಿಟರ್ ಮಲಗಿ ಎದ್ದಾಗ ಕಿಟಕಿಗಳೆಲ್ಲ ಪಕ್ಕದ ಸ್ಕ್ರೀನ್‌ಗೆ ಜಿಗಿದಿದ್ದರೆ ಮೆನುವಿನ ‘ಡೀಪ್ ಸ್ಲೀಪ್’ ಆಫ್ ಮಾಡಿ. ಕೇಬಲ್ ಚುಚ್ಚಿದ್ದಾಗ ಮಾತ್ರ ಕಂಪ್ಯೂಟರ್ ಬೂಟ್ ಆಗದಿದ್ದರೆ, ಅಗ್ಗದ ಕೇಬಲ್‌ನಲ್ಲಿ 20ನೇ ಪಿನ್‌ಗೂ ತಂತಿ ಎಳೆದಿರಬಹುದು, ಮಾನಿಟರ್‌ನ 3.3 ವೋಲ್ಟ್ ಹಿಮ್ಮುಖ ಹರಿಯುತ್ತದೆ. ಇದನ್ನು ಯಾವ ಕಮಾಂಡೂ ತೋರಿಸದು, ಕೇಬಲ್ ಬದಲಿಸಿಯೇ ನೋಡಬೇಕು.